ಆಪರೇಷನ್ ಇಲ್ಲದೆ ದನಿ ಬದಲಾಯಿಸಿಕೊಂಡೆ: ನನ್ನ ಅನುಭವ

ನಾನು ಟ್ರಾನ್ಸ್ ಹೆಣ್ಣು, ಮೊದಲು ನನ್ನದು ಗಂಡುದನಿ. ಹೋದ ವಾರ ಸಿಲಿಂಡರ್ ತರುವ ಹುಡುಗ ಫೋನ್ ಮಾಡಿ "ಮೇಡಂ, ಎಷ್ಟನೇ ಕ್ರಾಸು?" ಅಂದ. ಆಗತಾನೇ ನಿದ್ದೆಯಿಂದ ಎದ್ದಿದ್ದೆ, ಗಂಟಲು ಸರಿ ಮಾಡಿಕೊಂಡಿರಲಿಲ್ಲ, ಆದರೂ ಮೇಡಂ ಅಂದ. "ಆಪರೇಷನ್ ಮಾಡಿಸದೆ ಆಗಲ್ಲ ಕಣೇ" ಅಂದಿದ್ದ ನಮ್ಮ ಸಮುದಾಯದ ಅಕ್ಕಂದಿರಿಗೆಲ್ಲ ಅವತ್ತೇ ವಾಯ್ಸ್ ಮೆಸೇಜ್ ಕಳಿಸಿದೆ.

ಮೊದಲು ದುಡ್ಡು ಹೋದ ಕಥೆ. ಒಮ್ಮೆ ದಪ್ಪವಾದ ಸ್ವರತಂತು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್‌ನಿಂದ ತೆಳ್ಳಗಾಗಲ್ಲ ಅಂತ ನನಗೆ ಗೊತ್ತಿತ್ತು, ಆದರೂ ಸುಮ್ನೆ ಒಂದು ವರ್ಷ ಕಾದೆ. ಆಮೇಲೆ ಒಂದು ವಾಯ್ಸ್ ಥೆರಪಿ ಕ್ಲಿನಿಕ್. ಸಲಕ್ಕೆ 700 ರೂಪಾಯಿ, ಸುಮಾರು 12 ಸಲ ಹೋದೆ. ಅಲ್ಲಿ ಬರೀ ಶ್ರುತಿ (ದನಿಯ ಎತ್ತರ) ಏರಿಸುವುದೇ ಪಾಠ, 120 ಹರ್ಟ್ಸ್‌ನಿಂದ 220ಕ್ಕೆ ಎಳೆದರು. ದನಿ ಅಳೆಯುವ ಸಾಫ್ಟ್‌ವೇರ್ ಪ್ರಾಟ್‌ನಲ್ಲಿ ನಂಬರ್ ಚೆನ್ನಾಗಿತ್ತು, ಕೇಳಿದರೆ ಮಾತ್ರ ಕೀರಲು ಗಂಡುದನಿ. ಸಂಜೆಯಾದರೆ ಗಂಟಲು ಉರಿ. ಮೂರನೇ ತಿಂಗಳು ದನಿ ಕಟ್ಟಿಹೋಗಿ ಒಂದು ವಾರ ಮಾತೇ ಇಲ್ಲ. ಆಟೋ, ಇಎನ್‌ಟಿ ಎಲ್ಲ ಸೇರಿ 13,000 ಹತ್ತಿರ ಹೋಯಿತು.

ಎರಡನೇ ಥೆರಪಿಸ್ಟ್ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಓದಿದವರು. ಆನ್‌ಲೈನ್, ಸಲಕ್ಕೆ 500, ತಿಂಗಳಿಗೆ ಎರಡು ಸಲ. "ಶ್ರುತಿ 180ರ ಹತ್ತಿರ ಸಾಕು, ರೆಸೊನೆನ್ಸ್ ಹಿಡಿಯೋಣ" ಅಂದರು. ರೆಸೊನೆನ್ಸ್ ಅಂದರೆ ಗಂಟಲು, ಬಾಯಲ್ಲಿ ದನಿ ಮೊಳಗುವ ರೀತಿ. ಅದಕ್ಕೆ ದೊಡ್ಡ ನಾಯಿಯ ಹಾಗೆ, ಆಮೇಲೆ ಸಣ್ಣ ನಾಯಿಯ ಹಾಗೆ ಏದುಸಿರು ಬಿಡುವ ಅಭ್ಯಾಸ. ಅದರ ಜೊತೆ ನಾನು ಕಾಗುಣಿತ ಹಿಡಿದೆ. ಕಿ, ಗಿ, ಚಿ ಅನ್ನುವಾಗ ನಾಲಿಗೆ ಮುಂದೆ, ಮೇಲೆ ಇರುತ್ತದೆ, ದನಿ ತಾನಾಗಿ ತೆಳುವಾಗುತ್ತದೆ. ಆ ತೆಳು ಬಿಡದೆ ಕಾ, ಗಾ, ಚಾಗೆ ಬರಬೇಕು. 'ಆ' ಬಂದ ತಕ್ಷಣ ದನಿ ಎದೆಗೆ ಜಾರುತ್ತದೆ. ಅದು ಜಾರದೆ ನಿಲ್ಲಲು ನನಗೆ ಐದು ತಿಂಗಳು ಹಿಡಿಯಿತು, ದಿನಾ ಬೆಳಗ್ಗೆ ನೀರಿನಲ್ಲಿ ಸ್ಟ್ರಾ ಇಟ್ಟು ಗುಳುಗುಳು ಮಾಡಿ, ಆಮೇಲೆ 20 ನಿಮಿಷ ಈ ಅಭ್ಯಾಸ.

ಇನ್ನೊಂದು ಮಾತು. ಹಿಂದಿಯಲ್ಲಿ 'ಆತೀ ಹೂಂ' ಅಂದರೆ ಮಾತಾಡುವವಳು ಹೆಣ್ಣು ಅಂತ ಮಾತೇ ಹೇಳಿಬಿಡುತ್ತದೆ. ನಮ್ಮ 'ಬರ್ತೀನಿ' ಏನೂ ಹೇಳಲ್ಲ, ಎಲ್ಲ ಭಾರ ದನಿಯ ಮೇಲೇ ಅಲ್ವಾ? ಹಾಗಂತ ಕೊನೆಯ ಅಕ್ಷರ ಎಳೆದು 'ಬರ್ತೀನೀ' ಅಂತ 15 ದಿನ ಸೊಪ್ಪಿನವಳ ಹತ್ತಿರ ಮಾತಾಡಿ ನೋಡಿದೆ. "ಯಾಕಮ್ಮಾ, ಹುಷಾರಿಲ್ವಾ?" ಅಂದಳು. ಬಿಟ್ಟೆ.

ನಗುವಾಗಲೂ ಹಳೆಯ ದನಿ ಬರದಂತೆ ಒಂದು ಉಪಾಯ ಕಂಡುಕೊಂಡಿದ್ದೇನೆ. ಇಲ್ಲಿ ಬರೆಯಲ್ಲ, ತಪ್ಪು ಮಾಡಿದರೆ ಗಂಟಲು ಕೆಡುತ್ತದೆ, ಎದುರು ಕೂತೇ ಹೇಳಿಕೊಡಬೇಕು.

ಈ ಎರಡನೇ ಥೆರಪಿಸ್ಟ್ ಹತ್ತಿರ 14 ತಿಂಗಳಾಯಿತು, ಅಲ್ಲಿನ ಖರ್ಚೂ ಹೆಚ್ಚುಕಮ್ಮಿ 14,000. ಗೊತ್ತಿಲ್ಲದವರ 10 ಕರೆಯಲ್ಲಿ 8 ಸಲ ಮೇಡಂ ಅನ್ನುತ್ತಾರೆ. ಜೋರಾಗಿ ಕೂಗುವುದೊಂದು ಬಾಕಿ. ಬಸ್ಸಿನಲ್ಲಿ ಹಿಂದಿನಿಂದ "ಇಳಿಯೋರಿದ್ದೀವಿ" ಅಂತ ಕೂಗಿದರೆ ದನಿ ಹಳೆಯ ಜಾಗಕ್ಕೇ ಹೋಗುತ್ತದೆ. ಈ ತಿಂಗಳು ತಾರಸಿಗೆ ಹೋಗಿ ಅದನ್ನೇ ಅಭ್ಯಾಸ ಮಾಡುತ್ತಿದ್ದೇನೆ.