ಬೆಳ್ಳಿ ನೀರಿನಲ್ಲಿ ಬೆಳ್ಳಿ ಎಷ್ಟು? ಟಿಡಿಎಸ್ ಮೀಟರ್ ನಂಬಿ ಕೆಟ್ಟವನ ಅನುಭವ

ಮೊದಲೇ ಹೇಳಿಬಿಡ್ತೀನಿ, ಈ ಬೆಳ್ಳಿ ನೀರನ್ನು, ಅಂದರೆ ನೀರಿನಲ್ಲಿ ಅದ್ದಿದ ಬೆಳ್ಳಿ ತಂತಿಗಳಿಗೆ ಕರೆಂಟ್ ಕೊಟ್ಟು ಬೆಳ್ಳಿ ಬಿಡಿಸಿದ ನೀರನ್ನು, ನಾನು ಕುಡಿಯುವುದಿಲ್ಲ, ಯಾರಿಗೂ ಕುಡಿಸುವುದೂ ಇಲ್ಲ. ವಿರಾಜಪೇಟೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಕೋಣೆಗೊಂದು ಹೂದಾನಿ, ಅದರಲ್ಲಿ ನಮ್ಮ ತೋಟದ್ದೇ ಆಂಥೂರಿಯಂ. ಹೂವು ವಾರಗಟ್ಟಲೆ ಚೆನ್ನಾಗಿರುತ್ತದೆ, ನೀರು ಮಾತ್ರ ಮೂರನೇ ದಿನಕ್ಕೇ ನಾರುತ್ತದೆ. ಬೆಳ್ಳಿ ಇದ್ದರೆ ನೀರು ಬೇಗ ಕೆಡುವುದಿಲ್ಲ ಅಂತ ಗೊತ್ತಿತ್ತು, ಅದಕ್ಕೇ ಮನೆಯಲ್ಲೇ ಮಾಡೋಣ ಅಂತ ಕೂತೆ. ಮಾಡುವುದೇನೂ ಕಷ್ಟವಲ್ಲ. ಮಾಡಿದ್ದರಲ್ಲಿ ಬೆಳ್ಳಿ ಎಷ್ಟಿದೆ ಅಂತ ತಿಳಿಯುವುದಕ್ಕೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಸಾಮಾನು ಇಷ್ಟೇ: ಒಂದು ಲೀಟರ್ ಹಿಡಿಯುವ ಗಾಜಿನ ಜಾಡಿ, ಅಕ್ಕಸಾಲಿಗರ ಹತ್ತಿರ ಎಳೆಸಿದ ಎರಡು ಶುದ್ಧ ಬೆಳ್ಳಿ ತಂತಿ (ಒಡವೆಯ 92.5 ಬೆಳ್ಳಿ ಬೇಡ, ಅದರಲ್ಲಿ ಸಾಮಾನ್ಯವಾಗಿ ತಾಮ್ರ ಸೇರಿರುತ್ತದೆ), ಸಾಲಾಗಿ ಜೋಡಿಸಿದ ಮೂರು 9 ವೋಲ್ಟ್ ಬ್ಯಾಟರಿ, ಮಧ್ಯೆ ಕರೆಂಟ್ ಮಿತಿಯಲ್ಲಿಡಲು ಒಂದು ರೆಸಿಸ್ಟರ್, ಕರೆಂಟ್ ಅಳೆಯಲು ಒಂದು ಮಲ್ಟಿಮೀಟರ್. ಜುಲೈನಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳುವ ಹಾಗಿಲ್ಲ, ಹಾಗಾಗಿ ಬ್ಯಾಟರಿಯೇ ವಾಸಿ. ನೀರಿಗೆ ಡಿಸ್ಟಿಲ್ಡ್ ವಾಟರೇ ಆಗಬೇಕು. ಮೊದಲ ಸಲ ನಮ್ಮ ಬಾವಿ ನೀರು ಹಾಕಿದ್ದೆ, ಹತ್ತೇ ನಿಮಿಷಕ್ಕೆ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಬಾವಿ ನೀರಿನ ಕ್ಲೋರೈಡ್ ಜೊತೆ ಬೆಳ್ಳಿ ಸೇರಿ ಸಿಲ್ವರ್ ಕ್ಲೋರೈಡ್ ಆಗಿಬಿಟ್ಟಿತ್ತು.

ಎಲ್ಲರ ಹಾಗೆ ನಾನೂ ಟಿಡಿಎಸ್ ಮೀಟರ್ (ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅಂತ ತೋರಿಸುವ ಮೀಟರ್) ಅದ್ದಿ ನೋಡಿದೆ. ಡಿಸ್ಟಿಲ್ಡ್ ನೀರಿಗೆ 0 ಇದ್ದದ್ದು ಬೆಳ್ಳಿ ಬಿಟ್ಟ ಮೇಲೆ 9 ತೋರಿಸಿತು. ಸರಿ, 9 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ 9 ಪಾಲು ಬೆಳ್ಳಿ) ಅಂತ ಬಾಟಲಿ ಮೇಲೆ ಬರೆದು ಕಿಟಕಿ ಹತ್ತಿರ ಇಟ್ಟೆ. ಮಾರನೇ ದಿನ ನೋಡಿದರೆ 6! ಮುಚ್ಚಳ ತೆಗೆದಿಲ್ಲ, ಒಂದು ಹನಿ ಚೆಲ್ಲಿಲ್ಲ, ಮತ್ತೆ ಬೆಳ್ಳಿ ಹೋಗಿದ್ದೆಲ್ಲಿಗೆ? ನೀರು ತೆಳ್ಳಗೆ ನಿಂಬೆ ಶರಬತ್ತಿನ ಬಣ್ಣಕ್ಕೆ ತಿರುಗಿತ್ತು.

ಆಮೇಲೆ ಅರ್ಥವಾಯಿತು, ಆ ಮೀಟರ್ ಬೆಳ್ಳಿಯನ್ನು ನೋಡುವುದೇ ಇಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ, ಅಷ್ಟಕ್ಕೆ ಉಪ್ಪು ಎಷ್ಟಿರಬಹುದು ಅಂತ ಲೆಕ್ಕ ಹಾಕಿ ಹೇಳುತ್ತದೆ, ಅಷ್ಟೇ. ಕರಗಿದ ಬೆಳ್ಳಿ, ಅಂದರೆ ಅಯಾನು (ವಿದ್ಯುತ್ ಆವೇಶವಿರುವ ಪರಮಾಣು) ರೂಪದ್ದು, ಕರೆಂಟ್ ಸಾಗಿಸುತ್ತದೆ. ಅದೇ ಬೆಳ್ಳಿ ಬೆಳಕು ಬಿದ್ದು ಸಣ್ಣ ಸಣ್ಣ ಕಣವಾಗಿ ಕೂಡಿಕೊಂಡರೆ ಮೀಟರ್ ಲೆಕ್ಕಕ್ಕೆ ಸಿಗುವುದಿಲ್ಲ. ಆ ಹಳದಿ ಬಣ್ಣ ಕಣಗಳದ್ದೇ. ಇಂಥ ನೀರನ್ನು ಕೊಲಾಯ್ಡಲ್ ಸಿಲ್ವರ್ ಅಂತಾರೆ. ಕೊಲಾಯ್ಡ್ ಅನ್ನೋದು ನಿಜವಾಗಿ ಕರಗದೆ ನೀರಲ್ಲಿ ತೇಲಾಡುವ ಆ ಸಣ್ಣ ಕಣಗಳಿಗೆ, ಅಲ್ವಾ? ಅದನ್ನೇ ಬಿಟ್ಟು ಉಳಿದದ್ದನ್ನು ಎಣಿಸುವ ಮೀಟರ್ ಇಟ್ಟುಕೊಂಡು ನಾನೇನು ಮಾಡಲಿ! ಲೇಸರ್ ಟಾರ್ಚ್ ಬಿಟ್ಟೂ ನೋಡಿದೆ. ನೀರಿನೊಳಗೆ ಕೆಂಪು ಗೆರೆ ಚೆನ್ನಾಗಿ ಕಾಣುತ್ತದೆ, ಕಣ ಇದೆ ಅಂತ ಗೊತ್ತಾಗುತ್ತದೆ. ಎಷ್ಟಿದೆ ಅಂತ ಅದೂ ಹೇಳುವುದಿಲ್ಲ.

ಕೊನೆಗೆ ಕೈ ಹಿಡಿದದ್ದು ವಿಜ್ಞಾನಿ ಫ್ಯಾರಡೆ 1830ರ ದಶಕದಲ್ಲಿ ಹೇಳಿದ ನಿಯಮ: ಹರಿದ ಕರೆಂಟಿಗೆ ತಕ್ಕಷ್ಟೇ ಲೋಹ ಬಿಡುತ್ತದೆ. ಒಂದು ಮಿಲಿಆಂಪ್ ಕರೆಂಟ್ ಒಂದು ಗಂಟೆ ಹರಿದರೆ ತಂತಿಯಿಂದ ಸುಮಾರು 4.02 ಮಿಲಿಗ್ರಾಂ ಬೆಳ್ಳಿ ಬಿಡುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಅಂದರೆ ಒಂದು ಪಿಪಿಎಂ. ಕರೆಂಟ್ ಒಂದೇ ಸಮ ಇರುವುದಿಲ್ಲ, ಶುರುವಿನಲ್ಲಿ ಅರ್ಧ ಮಿಲಿಆಂಪ್ ಕೂಡ ಇರುವುದಿಲ್ಲ, ಬೆಳ್ಳಿ ಬಿಡುತ್ತಾ ಬಿಡುತ್ತಾ ಏರುತ್ತದೆ. ಹಾಗಾಗಿ ಐದೈದು ನಿಮಿಷಕ್ಕೆ ಮಲ್ಟಿಮೀಟರ್ ನೋಡಿ ಕಾಫಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡು ಸರಾಸರಿ ತೆಗೆದೆ. ಒಂದು ಗಂಟೆಯ ಸರಾಸರಿ 2.5 ಮಿಲಿಆಂಪ್ ಬಂತು. ಅಂದರೆ ಲೀಟರಿಗೆ 10 ಮಿಲಿಗ್ರಾಂ.

ಆದರೆ ಬಿಟ್ಟ ಬೆಳ್ಳಿಯೆಲ್ಲ ನೀರಿನಲ್ಲಿ ಉಳಿಯುವುದಿಲ್ಲ. ಒಂದಿಷ್ಟು ಇನ್ನೊಂದು ತಂತಿಗೆ ಕಪ್ಪು ಪಾಚಿ ತರ ಅಂಟುತ್ತದೆ, ಒಂದಿಷ್ಟು ತಳಕ್ಕೆ ಬೀಳುತ್ತದೆ. ಅದನ್ನು ಕಳೆಯಬೇಕಲ್ಲ. ಅಡುಗೆಮನೆ ತಕ್ಕಡಿಗೆ ಹತ್ತು ಮಿಲಿಗ್ರಾಂ ಲೆಕ್ಕಕ್ಕೇ ಇಲ್ಲ, ಅಕ್ಕಸಾಲಿಗರ ತಕ್ಕಡಿಯೇ ಬೇಕು, ಅದು ಒಂದು ಮಿಲಿಯವರೆಗೂ ತೋರಿಸುತ್ತದೆ. ಒಂದು ಸಲದ ವ್ಯತ್ಯಾಸ ತೀರಾ ಸಣ್ಣದು ಅಂತ ಹತ್ತು ಸಲ ಮಾಡಿ ಒಟ್ಟಿಗೆ ತೂಗಿಸಿದೆ. "ಏನ್ ಸಾರ್, ಇದೇ ತಂತಿ ತಂದು ತಂದು ತೂಗಿಸ್ತೀರಲ್ಲ, ಮಾರೋದಾದ್ರೆ ಹೇಳಿ" ಅಂದರು ಅವರು. ತಂತಿ 96 ಮಿಲಿ ಸವೆದಿತ್ತು. ಲೆಕ್ಕದ ಪ್ರಕಾರ 100 ಆಗಬೇಕಿತ್ತು, ಪರವಾಗಿಲ್ಲ.

ಕಪ್ಪು ಪಾಚಿಯನ್ನು ಮೊದಲು ಫಿಲ್ಟರ್ ಪೇಪರ್‌ನಲ್ಲಿ ಸೋಸಿ ತೂಗಿಸಲು ಹೋಗಿ ಪೆಚ್ಚಾದೆ. ನಮ್ಮೂರ ಮಳೆಗಾಲದ ಥಂಡಿಗೆ ಬರೀ ಪೇಪರೇ ಅದಕ್ಕಿಂತ ಜಾಸ್ತಿ ತೂಕ ಎಳೆದುಕೊಳ್ಳುತ್ತದೆ! ಆಮೇಲೆ ಸಣ್ಣ ಗಾಜಿನ ಬಟ್ಟಲಿಗೆ ಕೆರೆದು ಹಾಕಿ, ಒಲೆ ಪಕ್ಕ ಒಣಗಿಸಿ ತೂಗಿಸಿದಾಗ 21 ಮಿಲಿ ಬಂತು. ಉಳಿದದ್ದು 75, ಹತ್ತು ಲೀಟರಿಗೆ. ಅಂದರೆ ಸುಮಾರು 7.5 ಪಿಪಿಎಂ.

ಸರಿಯಿದೆಯಾ ಅಂತ ಮೈಸೂರಿನ ಒಂದು ಲ್ಯಾಬಿಗೂ ಕಳಿಸಿದೆ. ಮೊದಲ ಸಲ ಹಳೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಗೇ ಕಳಿಸಿದ್ದಕ್ಕೆ 4.1 ಬಂತು. ತಪ್ಪು ನನ್ನದೇ. ಬೆಳ್ಳಿ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ, ಅದಕ್ಕೇ ನೈಟ್ರಿಕ್ ಆಸಿಡ್ ಹಾಕಿರುವ ಬಾಟಲಿ ಕೇಳಿ ಪಡೆಯಬೇಕಂತೆ. ಎರಡನೇ ಸಲ ಹಾಗೆ ಮಾಡಿದಾಗ 7.2.

ಹೋಂಸ್ಟೇಗೆ ಬಂದವರೊಬ್ಬರು ಬಾಟಲಿ ನೋಡಿ "ದಿನಾ ಒಂದು ಚಮಚ ಕುಡಿದ್ರೆ ಒಳ್ಳೇದಂತೆ" ಅಂದರು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ 10500, ಬೆಳ್ಳಿಗೆ ಇಟ್ಟಿರುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ನನ್ನ ಬಾಟಲಿಯಲ್ಲಿರುವುದು ಅದರ ಎಪ್ಪತ್ತು ಪಟ್ಟು. ವರ್ಷಗಟ್ಟಲೆ ಕುಡಿದರೆ ಬೆಳ್ಳಿ ಚರ್ಮದಲ್ಲಿ ಕೂತು ಮೈ ನೀಲಿ ಬೂದಿ ಬಣ್ಣಕ್ಕೆ ತಿರುಗಬಹುದು, ಆ ಬಣ್ಣ ಹೋಗುವುದಿಲ್ಲ. ಔಷಧಿ ಅಂತ ಮಾರುವ ಇಂಥದ್ದನ್ನು ಸುರಕ್ಷಿತ ಅಂತಲೂ, ಪರಿಣಾಮಕಾರಿ ಅಂತಲೂ ಒಪ್ಪಲಾಗದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿದೆ. ಅವರಿಗೆ ಇಷ್ಟು ಹೇಳಿ, ಬದಲಿಗೆ ಒಂದು ಲೋಟ ಕಾಫಿ ಕೊಟ್ಟೆ.

ಈಗ ಕಂದು ಬಣ್ಣದ ಬಾಟಲಿಯಲ್ಲಿ, ಕತ್ತಲ ಕಪಾಟಿನಲ್ಲಿ ಇಡುತ್ತೇನೆ. ಹೂದಾನಿಗೆ ಒಂದು ಪಾಲಿಗೆ ಒಂಬತ್ತು ಪಾಲು ಮಳೆ ನೀರು ಬೆರೆಸುತ್ತೇನೆ. ಒಮ್ಮೆ ಬೆರೆಸದೆ ಹಾಕಿ ದಂಟಿನ ತುದಿ ಕಪ್ಪಾಗಿತ್ತು. ಹಳೇ ನೀರನ್ನು ಕೆರೆ ಕಡೆ ಚೆಲ್ಲುವುದಿಲ್ಲ, ಬೆಳ್ಳಿ ಮೀನಿಗೆ ವಿಷ. ಟಿಡಿಎಸ್ ಮೀಟರ್ ಬಿಸಾಕಿಲ್ಲ. ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದ ಕೂಡಲೇ ಅದರಲ್ಲೇ ಅದ್ದಿ ನೋಡುವುದು, 2ಕ್ಕಿಂತ ಜಾಸ್ತಿ ತೋರಿಸಿದರೆ ಕ್ಯಾನ್ ವಾಪಸ್.