ಆಕ್ಸಿಲರೇಟರ್ ಪೂರ್ತಿ ತುಳಿದಾಗ ಕಾರಿನ ಎಸಿ ಏನು ಮಾಡುತ್ತೆ: ಮಂಡ್ಯದ ಶೆಡ್ಡಿನಿಂದ ನನ್ನ ಅನುಭವ

"ಅಣ್ಣಾ, ಓವರ್‌ಟೇಕ್ ಮಾಡೋವಾಗ ಎಸಿ ಕೈ ಕೊಡ್ತದೆ, ಒಸಿ ಗ್ಯಾಸ್ ತುಂಬ್ಬುಡು." ಮಾರ್ಚ್ ಬಂತೆಂದರೆ ನಮ್ಮ ಶೆಡ್ಡಿನಲ್ಲಿ ಈ ದೂರು ಖಾಯಂ. ಗ್ಯಾಸಿನ ಒತ್ತಡ ನೋಡುವ ಗೇಜ್ ಹಚ್ಚುವ ಮುಂಚೆ ನಾನು ಕೇಳುವುದು ಒಂದೇ: ಎಷ್ಟು ಹೊತ್ತು ಕೈ ಕೊಡುತ್ತೆ? "ಹಿಂಗ್ ಹೋಗಿ ಹಂಗ್ ಬತ್ತದೆ" ಅಂದರೆ ಗ್ಯಾಸ್ ಮಾತೇ ಬೇಡ, ಕಾರು ಸರಿಯಾಗಿದೆ.

ಎಸಿಯ ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ಬಿಸಿಲು ಜೋರಿದ್ದರೆ ಅದೊಂದೇ ಮೂರ್ನಾಲ್ಕು ಎಚ್‌ಪಿ ನುಂಗುತ್ತೆ. ದೊಡ್ಡ ಡೀಸೆಲ್ ಗಾಡಿಗೆ ಅದು ಲೆಕ್ಕಕ್ಕಿಲ್ಲ. 800 ಸಿಸಿ ಎಂಜಿನ್, 37 ಎಚ್‌ಪಿ, ಒಳಗೆ ಐದು ಜನ, ಮುಂದೆ ಕಬ್ಬಿನ ಟ್ರ್ಯಾಕ್ಟರ್, ಎದುರಿಗೆ ಬಸ್ಸು ಅಂದಾಗ ಹತ್ತರಲ್ಲೊಂದು ಪಾಲು ಎಸಿಗೆ ಹೋಗುವುದು ಸಣ್ಣ ವಿಷಯವಲ್ಲ. ಅದಕ್ಕೇ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇರುವ ಬಹುತೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ, ಆಕ್ಸಿಲರೇಟರ್ ಪೆಡಲ್ ತಳ ಮುಟ್ಟಿದ ಕೂಡಲೇ ಕಂಪ್ರೆಸರ್ ಕ್ಲಚ್ಚಿನ (ಬೆಲ್ಟಿನ ಪುಲ್ಲಿಗೆ ಕಂಪ್ರೆಸರ್ ಶಾಫ್ಟನ್ನು ಅಯಸ್ಕಾಂತದಿಂದ ಜೋಡಿಸುವ ಭಾಗ) ಕರೆಂಟ್ ಕಟ್ ಆಗುತ್ತೆ. ಪುಲ್ಲಿ ಸುಮ್ಮನೆ ತಿರುಗುತ್ತಿರುತ್ತೆ, ಒಳಗಿನ ಶಾಫ್ಟ್ ನಿಂತಿರುತ್ತೆ. ಕೆಲವು ಸೆಕೆಂಡು ಕಳೆದ ಮೇಲೆ ಟಕ್ ಅಂತ ಮತ್ತೆ ಹಿಡಿಯುತ್ತೆ. ಬ್ಲೋವರ್ ಮಾತ್ರ ನಿಲ್ಲುವುದಿಲ್ಲ, ಕೂಲಿಂಗ್ ಕಾಯಿಲ್ ಅಷ್ಟು ಬೇಗ ಬಿಸಿಯೂ ಆಗುವುದಿಲ್ಲ. ಹಾಗಾಗಿ ಎಸಿ ಕಟ್ ಆಗಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗದು. ಇಂಜೆಕ್ಷನ್ ಬರುವ ಮುಂಚಿನ ಕಾರ್ಬುರೇಟರ್ ಕಾರುಗಳಿಗೆ ಆಮೇಲೆ ಎಸಿ ಕೂರಿಸುತ್ತಿದ್ದಾಗ ಇದೇ ಕೆಲಸಕ್ಕೆ ಪೆಡಲ್ ಹತ್ತಿರ ಒಂದು ಮೈಕ್ರೋ ಸ್ವಿಚ್ ಹಾಕುವ ಪದ್ಧತಿಯಿತ್ತು.

ತೊಂದರೆ ಇರುವುದು, ಇದನ್ನೂ ನಿಜವಾದ ರಿಪೇರಿಯನ್ನೂ ಬೇರೆ ಮಾಡುವುದರಲ್ಲಿ. ಶೆಡ್ಡಿನಲ್ಲಿ ನಿಲ್ಲಿಸಿಕೊಂಡು ಎಷ್ಟು ರೇಸ್ ಮಾಡಿದರೂ ಎಂಜಿನ್ ಮೇಲೆ ಲೋಡ್ ಬೀಳುವುದಿಲ್ಲ. ರಸ್ತೆಗೇ ಇಳಿಯಬೇಕು. ನನ್ನ ಸಾಮಾನು ಎರಡೇ. ನಡುವಿನ ವೆಂಟಿಗೆ ತೂರಿಸುವ ಒಂದು ಥರ್ಮಾಮೀಟರ್, ಇನ್ನೊಂದು ಹನ್ನೆರಡು ವೋಲ್ಟಿನ ಪುಟ್ಟ ಎಲ್‌ಇಡಿ. ಕ್ಲಚ್ ಕಾಯಿಲಿನ ವೈರಿಗೆ ಫ್ಯೂಸ್ ಕೊಟ್ಟು, ಬಾನೆಟ್ ಸಂದಿಯಿಂದ ಎಳೆದು ತಂದು ಆ ಎಲ್‌ಇಡಿಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸುತ್ತೇನೆ. ಕ್ಲಚ್ಚಿಗೆ ಕರೆಂಟ್ ಇದ್ದರೆ ಉರಿಯುತ್ತೆ, ಇಲ್ಲದಿದ್ದರೆ ಇಲ್ಲ. ದುಬಾರಿ ಸ್ಕ್ಯಾನರ್ ತೋರಿಸುವುದು ಇಸಿಯು ಕೊಟ್ಟ ಆಜ್ಞೆ. ಆಜ್ಞೆ ಕ್ಲಚ್ಚಿನ ತನಕ ತಲುಪಿತೋ ಇಲ್ಲವೋ ಹೇಳುವುದು ಈ ದೀಪ. ನನಗೆ ಇದರ ಮೇಲೇ ನಂಬಿಕೆ.

ಎಕ್ಸ್‌ಪ್ರೆಸ್‌ವೇ ಈ ಪರೀಕ್ಷೆಗೆ ಆಗಿಬರುವುದಿಲ್ಲ. ಅಲ್ಲಿ ಕಾರು ನುಣ್ಣಗೆ ಓಡುತ್ತೆ, ಪೂರ್ತಿ ತುಳಿಯುವ ಸಂದರ್ಭವೇ ಕಡಿಮೆ. ನಾನು ಹೋಗುವುದು ಮೇಲುಕೋಟೆ ಕಡೆಗೆ. ಜಕ್ಕನಹಳ್ಳಿ ದಾಟಿ ಏರು ಶುರುವಾದ ಮೇಲೆ ಮೂರನೇ ಗೇರಿನಲ್ಲಿ ಪೆಡಲ್ ತಳಕ್ಕೆ ಒತ್ತುತ್ತೇನೆ. ಪಕ್ಕದಲ್ಲಿ ಹುಡುಗ ಕೂತು ದೀಪ, ಥರ್ಮಾಮೀಟರ್ ಎರಡನ್ನೂ ನೋಡುತ್ತಿರಬೇಕು, ಓಡಿಸುವವನ ಕಣ್ಣು ರಸ್ತೆ ಮೇಲೇ ಇರಬೇಕು. (ಕೆಲಸ ಮುಗಿದರೆ ಪುಳಿಯೋಗರೆ ಅವನ ಹಕ್ಕು.)

ದೀಪ ಆರಿ ಸ್ವಲ್ಪದರಲ್ಲೇ ಹತ್ತಿತು, ವೆಂಟಿನ ಗಾಳಿ 7 ಡಿಗ್ರಿಯಿಂದ ಒಂದೆರಡು ಡಿಗ್ರಿ ಏರಿ ಇಳಿಯಿತು ಅಂದರೆ ಗಿರಾಕಿಗೆ ಕೀ ಕೊಟ್ಟು ಕಳಿಸುತ್ತೇನೆ.

ದೀಪ ಉರಿಯುತ್ತಲೇ ಇದೆ, ಗಾಳಿ ಮಾತ್ರ ಬಿಸಿಯಾಗುತ್ತಾ ಹೋಗುತ್ತಿದೆ ಅಂದರೆ ಕಥೆ ಬೇರೆ. ಕರೆಂಟ್ ಹೋಗುತ್ತಿದ್ದರೂ ಕ್ಲಚ್ ಹಿಡಿಯುತ್ತಿಲ್ಲ, ಇಲ್ಲವೇ ಬೆಲ್ಟ್ ಜಾರುತ್ತಿದೆ. ಬೆಲ್ಟ್ ಆದರೆ ಕೀರಲು ಸದ್ದಿನಲ್ಲೇ ಗೊತ್ತಾಗುತ್ತೆ. ಕ್ಲಚ್ ಸದ್ದಿಲ್ಲದ ಕಳ್ಳ. ಪುಲ್ಲಿಗೂ ಮುಂದಿನ ಪ್ಲೇಟಿಗೂ ನಡುವೆ ಅರ್ಧ ಮಿಲಿಮೀಟರಿನ ಆಸುಪಾಸು ಗ್ಯಾಪ್ ಇರಬೇಕು. ಪ್ಲೇಟ್ ಸವೆದಂತೆ ಅದು ಅಗಲವಾಗುತ್ತೆ. ಬೆಳಗ್ಗೆ ತಂಪಿನಲ್ಲಿ ಅಯಸ್ಕಾಂತ ಹೇಗೋ ಎಳೆದುಕೊಳ್ಳುತ್ತೆ. ಮಧ್ಯಾಹ್ನ ಎಂಜಿನ್ ಕಾದ ಮೇಲೆ ಕ್ಲಚ್ ಕಾಯಿಲಿನ ರೆಸಿಸ್ಟೆನ್ಸ್ ಏರಿ, ಕರೆಂಟ್ ತಗ್ಗಿ, ಎಳೆತ ಸಾಲದೆ ಜಾರುತ್ತೆ. ಏರಿನಲ್ಲೇ ಇದು ಎದ್ದು ಕಾಣುವುದು, ಯಾಕೆಂದರೆ ಎಂಜಿನ್ ರೂಮ್ ಕುದಿಯುವುದು ಅಲ್ಲೇ. ಗ್ಯಾಪ್ ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿ, ಪ್ಲೇಟಿನ ಹಿಂದಿನ ತೆಳು ಶಿಮ್ (ಬಿಲ್ಲೆ) ಒಂದನ್ನು ತೆಗೆದರೆ ಎಷ್ಟೋ ಕಾರು ಸರಿಹೋಗುತ್ತವೆ. ಇದೇ ದೂರಿಗೆ ಇಡೀ ಕಂಪ್ರೆಸರ್ ಬದಲಿಸಿ ಬಿಲ್ ಹಾಕುವವರೂ ಇದ್ದಾರೆ.

ಮೂರನೆಯದು, ದೀಪ ಆರುತ್ತೆ, ಬೇಗ ಹತ್ತುವುದಿಲ್ಲ. ಇದು ಹೆಚ್ಚಾಗಿ "ಒಸಿ ಗ್ಯಾಸ್" ಕೇಳಿ ಕೇಳಿ ತುಂಬಿಸಿಕೊಂಡ ಕಾರು. ಗ್ಯಾಸ್ ಜಾಸ್ತಿಯಾದರೆ, ಇಲ್ಲವೇ ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ತುಂಬ ಧೂಳು ಕೂತಿದ್ದರೆ, ರೇಸ್ ಏರಿದಂತೆ ಒತ್ತಡವೂ ಏರುತ್ತೆ. ಅದು ಸುಮಾರು 30 ಬಾರ್ ಮುಟ್ಟಿದಾಗ ಪ್ರೆಷರ್ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತೆ. ಎಂಜಿನ್ ಅತಿಯಾಗಿ ಕಾದರೂ ಇಸಿಯು ಹೀಗೇ ಎಸಿ ಕಿತ್ತುಕೊಳ್ಳುತ್ತೆ, ಆದ್ದರಿಂದ ಟೆಂಪರೇಚರ್ ಮುಳ್ಳನ್ನೂ ನೋಡುತ್ತೇನೆ. ಗ್ಯಾಸನ್ನು ಪೂರ್ತಿ ತೆಗೆದು, ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ರಾಂ ತೂಗಿ ಹಾಕಬೇಕು. ಗೇಜ್ ನೋಡಿ ಅಂದಾಜಿನಲ್ಲಿ ತುಂಬುವುದು ನನಗೆ ಆಗದ ಕೆಲಸ.

ಮೈಸೂರಿನಿಂದ ಒಮ್ಮೆ ಹಳೇ ಅಮೆರಿಕನ್ ಪೆಟ್ರೋಲ್ ಕಾರೊಂದು ಬಂತು. ಪೂರ್ತಿ ತುಳಿದರೆ ಮುಖಕ್ಕೆ ಬರುತ್ತಿದ್ದ ತಣ್ಣನೆ ಗಾಳಿ ಸರಕ್ಕನೆ ಮುಂದಿನ ಗಾಜಿಗೆ ಹೋಗುತ್ತಿತ್ತು, ಕಾಲು ತೆಗೆದರೆ ವಾಪಸ್. ದೀಪ ಆರಲಿಲ್ಲ, ಥರ್ಮಾಮೀಟರಿನಲ್ಲಿ ಗಾಳಿಯ ತಂಪೂ ಕಡಿಮೆಯಾಗಲಿಲ್ಲ. ಆ ಕಾಲದ ಕಾರುಗಳಲ್ಲಿ ವೆಂಟಿನ ಬಾಗಿಲುಗಳನ್ನು ಆಡಿಸುವುದು ಎಂಜಿನ್ನಿನ ವ್ಯಾಕ್ಯೂಮ್, ಅಂದರೆ ಅದು ಗಾಳಿ ಎಳೆಯುವಾಗಿನ ಹೀರುವಿಕೆ. ಥ್ರಾಟಲ್ ಪೂರ್ತಿ ತೆರೆದಾಗ ಮ್ಯಾನಿಫೋಲ್ಡಿನಲ್ಲಿ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ವ್ಯಾಕ್ಯೂಮ್ ಹೆಚ್ಚುಕಡಿಮೆ ಸೊನ್ನೆ. ಆ ಹೊತ್ತಿಗೆಂದೇ ಒಂದು ಪುಟ್ಟ ಟ್ಯಾಂಕ್, ಒಂದು ಒನ್‌ವೇ ವಾಲ್ವ್ ಇಟ್ಟಿರುತ್ತಾರೆ. ವಾಲ್ವ್ ಸೋರಿದರೆ ಬಾಗಿಲು ಸ್ಪ್ರಿಂಗಿನ ಮಾತು ಕೇಳಿ ಡಿಫ್ರಾಸ್ಟ್ ಕಡೆ ವಾಲುತ್ತೆ, ಕೊನೇಪಕ್ಷ ಗಾಜಾದರೂ ಮಂಜು ಹಿಡಿಯದಿರಲಿ ಅನ್ನುವ ಲೆಕ್ಕ. ಬೆರಳುದ್ದದ ಪ್ಲಾಸ್ಟಿಕ್ ವಾಲ್ವ್ ಬದಲಿಸಿದ್ದಷ್ಟೇ.

ಪಿಕಪ್ ಎಷ್ಟು ಹೋದರೂ ಸರಿ, ಎಸಿ ನಿಲ್ಲಲೇಬಾರದು, ಆ ಕಟ್‌ಆಫ್ ತೆಗೆದುಹಾಕಿ ಎನ್ನುವವರೂ ಬರುತ್ತಾರೆ. ಕ್ಲಚ್ಚಿಗೆ ಕರೆಂಟ್ ಕೊಡುವ ರಿಲೇಗೆ ನೇರ ವೈರ್ ಎಳೆಯುವುದು ಐದು ನಿಮಿಷದ ಕೆಲಸ, ಆದರೆ ನಾನು ಮಾಡುವುದಿಲ್ಲ. ಹಾಗೆ ಎಳೆದರೆ ಪ್ರೆಷರ್ ಸ್ವಿಚ್ಚಿನ ಕಾವಲೂ ತಪ್ಪುತ್ತೆ, ಒತ್ತಡ ಏರಿದರೂ ಕಂಪ್ರೆಸರ್ ನಿಲ್ಲುವುದಿಲ್ಲ.

ಈಚಿನ ಎಷ್ಟೋ ಕಾರುಗಳಿಗೆ ನನ್ನ ದೀಪ ಉಪಯೋಗಕ್ಕೆ ಬರುವುದಿಲ್ಲ. ಬೇಕಾದಷ್ಟೇ ಒತ್ತುವ ಅವುಗಳ ವೇರಿಯಬಲ್ ಕಂಪ್ರೆಸರಿಗೆ ಕ್ಲಚ್ಚೇ ಇರುವುದಿಲ್ಲ, ಟಕ್ ಸದ್ದೂ ಇಲ್ಲ. ಒಳಗಿನ ಸ್ವಾಶ್ ಪ್ಲೇಟಿನ (ಪಿಸ್ಟನ್‌ಗಳನ್ನು ಆಡಿಸುವ ಓರೆ ತಟ್ಟೆ) ಓರೆಯನ್ನು ಒಂದು ವಾಲ್ವ್ ಕಡಿಮೆ ಮಾಡಿ ಲೋಡ್ ಇಳಿಸುತ್ತೆ. ಅಂಥವು ಬಂದರೆ ಸ್ಕ್ಯಾನರ್ ಹಾಕಿ ವಾಲ್ವಿನ ಡ್ಯೂಟಿ (ಅದಕ್ಕೆ ಎಷ್ಟು ಪಾಲು ಹೊತ್ತು ಕರೆಂಟ್ ಹೋಗುತ್ತೆ ಅನ್ನುವುದು) ನೋಡುತ್ತೇನೆ, ಥರ್ಮಾಮೀಟರ್ ಮಾತ್ರ ಅದೇ.