ಡುಬಾಯ್ಸ್ ಕಡತಗಳಲ್ಲಿ ಒಂದು ಪತ್ರದ ಬೆನ್ನು ಹತ್ತಿ

ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಅಂಬೇಡ್ಕರ್ ಅವರು 1946ರಲ್ಲಿ ಬರೆದ ಪತ್ರದ ಒಂದು ಮಾತನ್ನು ನಾನು ವರ್ಷಗಟ್ಟಲೆ ತರಗತಿಯಲ್ಲಿ ಹೇಳುತ್ತ ಬಂದಿದ್ದೆ: ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ನೀಗ್ರೋಗಳ ಸ್ಥಿತಿಗೂ ಎಷ್ಟು ಹೋಲಿಕೆಯಿದೆಯೆಂದರೆ ಎರಡನೆಯದರ ಅಧ್ಯಯನ ಸಹಜ ಮಾತ್ರವಲ್ಲ, ಅಗತ್ಯವೂ ಹೌದು ಎಂಬುದು ಅದರ ಸಾರ. ಒಂದು ದಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಅದಕ್ಕೆ ಉತ್ತರ ಬಂತಾ ಸರ್?” ಎಂದು ಕೇಳಿದಳು. ನಾನು ಮೂಲ ಪತ್ರವನ್ನೇ ನೋಡಿರಲಿಲ್ಲ. ಉತ್ತರದ ಮಾತು ದೂರವೇ ಉಳಿಯಿತು.

ಡುಬಾಯ್ಸ್ ಹುಟ್ಟಿದ್ದು 1868ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಊರಿನಲ್ಲಿ. ತೀರಿಕೊಂಡದ್ದು 1963ರಲ್ಲಿ, ಘಾನಾದ ಅಕ್ರಾದಲ್ಲಿ. ಅವರ ಕಾಗದಪತ್ರಗಳನ್ನು ಪತ್ನಿ ಶರ್ಲಿ ಗ್ರಹಾಂ ಡುಬಾಯ್ಸ್ ಅವರಿಂದ 1973ರಲ್ಲಿ ಪಡೆದುಕೊಂಡದ್ದು ಆಮ್‌ಹರ್ಸ್ಟ್‌ನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ. ಸುಮಾರು ಒಂದು ಲಕ್ಷ ದಾಖಲೆಗಳ ಆ ಸಂಗ್ರಹವನ್ನು ವಿಶ್ವವಿದ್ಯಾಲಯದ ಪತ್ರಾಗಾರ ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆಯಾದ್ದರಿಂದ, ಅಮೆರಿಕದ ನೆಲ ಮೆಟ್ಟದ ನನ್ನಂಥ ಇತಿಹಾಸದ ಮೇಷ್ಟರೂ ಮನೆಯಲ್ಲಿ ಕುಳಿತೇ ಅದನ್ನು ಓದಬಹುದು. (ಈ ಹೆಸರನ್ನು ನಾನು ಬಹುಕಾಲ ಫ್ರೆಂಚ್ ರೀತಿಯಲ್ಲಿ ‘ದ್ಯುಬ್ವಾ’ ಎನ್ನುತ್ತಿದ್ದೆ. ಅದನ್ನು ಹೇಗೆ ಉಚ್ಚರಿಸಬೇಕೆಂದು ಅವರೇ ಪತ್ರವೊಂದರಲ್ಲಿ ತಿದ್ದಿ ಹೇಳಿದ್ದಾರೆಂದು ತಿಳಿದ ಮೇಲೆ ಆ ಚಾಳಿ ಬಿಟ್ಟೆ.)

ಮೊದಲ ಎರಡು ಸಂಜೆ ವ್ಯರ್ಥವಾದವು. ನಾನು ಇಂದಿನ ಮಾತುಗಳನ್ನು ಹಾಕಿ ಹುಡುಕುತ್ತಿದ್ದೆ: ‘ದಲಿತ’, ‘ಬ್ಲ್ಯಾಕ್’, ‘ಆಫ್ರಿಕನ್ ಅಮೆರಿಕನ್’. ಆ ಕಾಲದ ಕಾಗದಗಳಲ್ಲಿ ಇರುವುದು ‘ನೀಗ್ರೋ’, ‘ಕಲರ್ಡ್’, ‘ಅನ್‌ಟಚಬಲ್’ ಎಂಬ ಪದಗಳು. ಇಂದು ನಮ್ಮ ಬಾಯಲ್ಲಿ ಬರಲು ಹಿಂಜರಿಯುವ ಪದವನ್ನೇ ಹುಡುಕುವ ಪೆಟ್ಟಿಗೆಯಲ್ಲಿ ಬರೆಯಬೇಕಾಗಿ ಬಂದಾಗ ಮುಜುಗರವಾದದ್ದು ನಿಜ. ಆದರೆ ಆ ‘ನೀಗ್ರೋ’ ಪದದ ಮೊದಲ ಅಕ್ಷರವನ್ನು ದೊಡ್ಡದಾಗಿ ಮುದ್ರಿಸಬೇಕೆಂದು ಪತ್ರಿಕೆಗಳೊಡನೆ ಹೋರಾಡಿದವರು ಇದೇ ಡುಬಾಯ್ಸ್. ಅವರ ಪೀಳಿಗೆಗೆ ಅದು ಗೌರವದ ಪ್ರಶ್ನೆಯಾಗಿತ್ತು.

ಪದಗಳ ಹಿಂದೆ ಅಲೆಯುವುದನ್ನು ಬಿಟ್ಟು ಕಡತದ ಜೋಡಣೆಯನ್ನು ಹಿಡಿದಾಗ ದಾರಿ ಸಿಕ್ಕಿತು. ಪತ್ರ ವ್ಯವಹಾರವನ್ನು ವರ್ಷವಾರು ವಿಂಗಡಿಸಿ, ಆಯಾ ವರ್ಷದೊಳಗೆ ಹೆಸರಿನ ಅಕಾರಾದಿಯಲ್ಲಿ ಇಟ್ಟಿದ್ದಾರೆ. 1946ಕ್ಕೆ ಹೋಗಿ ‘ಎ’ ಅಕ್ಷರ ತೆಗೆದೆ, ಅಂಬೇಡ್ಕರ್ ಅಲ್ಲಿದ್ದರು. ತಾವು ಕಳಿಸಿದ ಪತ್ರಗಳ ಪ್ರತಿಯನ್ನೂ ಡುಬಾಯ್ಸ್ ಉಳಿಸಿಕೊಳ್ಳುತ್ತಿದ್ದರಾದ್ದರಿಂದ ಅವರ ಉತ್ತರವೂ ಇತ್ತು: 1946ರ ಜುಲೈ 31.

ಪೂರ್ತಿ ಓದಿದಾಗ ನಾನು ಪಾಠ ಮಾಡಿದ ರೀತಿಯೇ ಅರೆಬರೆ ಅನ್ನಿಸಿತು. ನಾನು ಉದ್ಧರಿಸುತ್ತಿದ್ದ ಮಾತು ಆ ಪತ್ರಕ್ಕೆ ಪೀಠಿಕೆ ಮಾತ್ರ. ಅಂಬೇಡ್ಕರ್ ಬರೆದದ್ದು ಒಂದು ಕೆಲಸದ ಪತ್ರ: ಅಮೆರಿಕದ ನೀಗ್ರೋಗಳು ವಿಶ್ವಸಂಸ್ಥೆಗೆ ಮನವಿ ಸಲ್ಲಿಸಿದ್ದಾರೆಂದು ಓದಿದೆ, ಭಾರತದ ಅಸ್ಪೃಶ್ಯರೂ ಹಾಗೆ ಮಾಡುವ ಯೋಚನೆಯಲ್ಲಿದ್ದಾರೆ, ಅದರ ಎರಡು ಮೂರು ಪ್ರತಿ ಕಳಿಸಿಕೊಡಿ ಎಂಬ ಕೋರಿಕೆ. ಆ ವರ್ಷವನ್ನು ನೆನಪಿಗೆ ತಂದುಕೊಂಡರೆ ಕೋರಿಕೆಯ ಅವಸರ ಅರ್ಥವಾಗುತ್ತದೆ. ಚುನಾವಣೆಯಲ್ಲಿ ಅವರ ಪರಿಶಿಷ್ಟ ಜಾತಿಗಳ ಒಕ್ಕೂಟ ಸೋತಿತ್ತು. ಮೇ 16ರ ಕ್ಯಾಬಿನೆಟ್ ಮಿಷನ್ ಹೇಳಿಕೆಯಲ್ಲಿ ಅಸ್ಪೃಶ್ಯರಿಗೆ ಪ್ರತ್ಯೇಕ ರಕ್ಷಣೆಯ ಖಾತರಿ ಇರಲಿಲ್ಲ. ದೇಶದೊಳಗಿನ ಬಾಗಿಲುಗಳು ಮುಚ್ಚುತ್ತಿದ್ದಾಗ ಅವರು ಹೊರಗಿನ ಬಾಗಿಲನ್ನು ತಟ್ಟಿ ನೋಡುತ್ತಿದ್ದರು.

ಡುಬಾಯ್ಸ್ ಅವರ ಉತ್ತರವೂ ಅಷ್ಟೇ ವ್ಯಾವಹಾರಿಕ. ನ್ಯಾಷನಲ್ ನೀಗ್ರೋ ಕಾಂಗ್ರೆಸ್ ಎಂಬ ಸಣ್ಣ ಸಂಘಟನೆಯ ಮನವಿಯನ್ನು ಲಗತ್ತಿಸಿದ್ದೇನೆ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಸಂಸ್ಥೆಯಾದ ಎನ್.ಎ.ಎ.ಸಿ.ಪಿ. ವತಿಯಿಂದ ಇನ್ನೂ ವಿಸ್ತಾರವಾದ ಮನವಿ ಮುಂದೆ ಸಲ್ಲಿಕೆಯಾಗಬಹುದು, ಹಾಗೆ ಸಲ್ಲಿಕೆಯಾದರೆ ಅದನ್ನೂ ಕಳಿಸುತ್ತೇನೆ, ನಿಮ್ಮ ಹೆಸರನ್ನೂ ಕೆಲಸವನ್ನೂ ಕೇಳಿ ಬಲ್ಲೆ ಎಂಬುದು ಅದರ ತಾತ್ಪರ್ಯ. ಅಲ್ಲಿಂದ ನಾನು 1947ರ ಕಡತಗಳಿಗೆ ದಾಟಿದೆ. ಆ ವಿಸ್ತಾರವಾದ ಮನವಿಯನ್ನು ಡುಬಾಯ್ಸ್ ಅವರೇ ಸಂಪಾದಿಸಿ, 1947ರ ಅಕ್ಟೋಬರ್‌ನಲ್ಲಿ ಸಲ್ಲಿಸಿದರು. ಸೋವಿಯತ್ ಒಕ್ಕೂಟ ಅದರ ಪರ ನಿಂತಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷೆಯೂ ಎನ್.ಎ.ಎ.ಸಿ.ಪಿ. ಮಂಡಳಿಯ ಸದಸ್ಯೆಯೂ ಆಗಿದ್ದ ಎಲಿನಾರ್ ರೂಸ್‌ವೆಲ್ಟ್ ನಿಲ್ಲಲಿಲ್ಲ. ಮರುವರ್ಷ ಡುಬಾಯ್ಸ್ ಅವರನ್ನೇ ಎನ್.ಎ.ಎ.ಸಿ.ಪಿ. ಹೊರಹಾಕಿತು. ತಮ್ಮ ದೇಶದ ವರ್ಣಭೇದವನ್ನು ಪರರಾಷ್ಟ್ರಗಳ ಮುಂದೆ ಬಿಚ್ಚಿಡುವುದು ಶೀತಲ ಸಮರದ ದಿನಗಳಲ್ಲಿ ದೇಶದ್ರೋಹದ ಅಂಚಿಗೆ ಹೋಗಿ ನಿಲ್ಲುತ್ತಿತ್ತೆಂಬುದನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಆ ಎರಡು ಮೂರು ವರ್ಷಗಳ ಕಾಗದಗಳು ನನಗೆ ತೋರಿಸಿಕೊಟ್ಟವು. 1951ರಲ್ಲಿ, 83ನೆಯ ವಯಸ್ಸಿನಲ್ಲಿ, ವಿದೇಶಿ ಶಕ್ತಿಯ ಏಜೆಂಟನೆಂದು ನೋಂದಾಯಿಸಿಕೊಳ್ಳಲಿಲ್ಲ ಎಂಬ ಆರೋಪದ ಮೇಲೆ ಸರ್ಕಾರ ಅವರನ್ನು ನ್ಯಾಯಾಲಯಕ್ಕೆ ಎಳೆಯಿತು, ಆರೋಪ ನಿಲ್ಲಲಿಲ್ಲ.

ಎರಡೂ ಪತ್ರಗಳನ್ನು ತರಗತಿಗಾಗಿ ಕನ್ನಡಕ್ಕೆ ತರುವಾಗ ‘ನೀಗ್ರೋ’ ಎಂಬುದನ್ನು ಏನು ಮಾಡುವುದೆಂದು ಬಹಳ ಯೋಚಿಸಿದೆ. ಕೊನೆಗೆ ಪತ್ರದೊಳಗೆ ಅದನ್ನೂ ‘ಅಸ್ಪೃಶ್ಯ’ವನ್ನೂ ಹಾಗೆಯೇ ಉಳಿಸಿ, ನನ್ನ ವಿವರಣೆಯಲ್ಲಿ ‘ಕಪ್ಪು ಜನರು’, ‘ದಲಿತರು’ ಎಂದು ಬರೆದೆ. ಬರೆದವರು ಆರಿಸಿಕೊಂಡ ಪದವನ್ನು ಬದಲಿಸುವ ಅಧಿಕಾರ ನನಗಿಲ್ಲವೆಂಬುದು ನನ್ನ ನಿಲುವು.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಉತ್ತರದ ಪತ್ರವನ್ನು ಎರಡು ಸಲ ಓದಿದಳು. ಈಗ ಅವಳು 1927ರ ಕಡತಗಳಲ್ಲಿ ಲಾಲಾ ಲಜಪತ ರಾಯ್ ಅವರ ಪತ್ರಗಳ ಹಿಂದೆ ಬಿದ್ದಿದ್ದಾಳೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಕಾಲದ ಪದಗಳ ಪಟ್ಟಿಯೊಂದನ್ನು ಮಾಡಿಕೊಂಡಿದ್ದಾಳೆ.